ಬಿದಿರ ತಟ್ಟಿಯ ಆಚೆಗಿನ ನೀರು

'ನೆರೆಯ ಸಿರಿ' ಪ್ರವಾಸ ಯೋಜನೆಯ ನಿರ್ದೇಶಕರಿಗೆ, ಎಲ್ಲರೂ ಓದಲೆಂದು ಬರೆದ ಪತ್ರ

ಮಾನ್ಯರೇ,

ನಿಮ್ಮ ಯೋಜನೆಯ ಹೊಸ ಕರಪತ್ರದ ಮುಖಪುಟದಲ್ಲಿ ಹಸಿರು ಸೀರೆಯುಟ್ಟು, ಬಗ್ಗಿ, ಭತ್ತದ ಪೈರು ನಾಟಿ ಮಾಡುತ್ತಿರುವ ಹೆಂಗಸು ನನ್ನ ಅವ್ವ. ಹೆಸರು ಸಣ್ಣತಾಯಮ್ಮ. ನೀವು ಹೆಸರು ಹಾಕಿಲ್ಲ, 'ಹಳ್ಳಿಯ ಸೊಗಡು' ಎಂದು ಹಾಕಿದ್ದೀರಿ. ಅವಳು ಆ ದಿನ ನಿಮ್ಮ ತಾಣಕ್ಕೆ ಬಂದದ್ದು ಜಲಪಾತ ನೋಡಲು. ನೀವು ಅವಳನ್ನೇ ನೋಡುವ ವಸ್ತುವಾಗಿ ನಿಲ್ಲಿಸಿ, ಜಲಪಾತ ತೋರಿಸದೆ ವಾಪಸು ಕಳಿಸಿದಿರಿ. ನನ್ನ ದೂರು ಇಷ್ಟೇ. ಮುಂದಿನದೆಲ್ಲ ಇದು ಹೇಗಾಯಿತು ಎಂಬುದರ ವಿವರ. ಅದರಲ್ಲಿ ನನ್ನ ತಪ್ಪೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಅವಳ ಮಗಳಾದ ನಾನು ಮದ್ದೂರು ಬಸ್‌ಸ್ಟ್ಯಾಂಡಿನ ಎದುರು ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಪಿಯುಸಿ ಆದಮೇಲೆ ನನ್ನ ಓದೆಲ್ಲ ಆ ಅಂಗಡಿಗೆ ಬರುವ ಕರಪತ್ರಗಳದ್ದು. ಕೂಲಿಕಾರರ ಸಂಘದ್ದು, ಮಾಹಿತಿ ಹಕ್ಕಿನದು, ನೀರಿನ ಹೋರಾಟದ್ದು, ರಕ್ತದಾನದ್ದು, ಯಾವುದೇ ಬಂದರೂ ಒಂದು ಪ್ರತಿ ಹೆಚ್ಚಿಗೆ ತೆಗೆದು ಮನೆಗೆ ಒಯ್ಯುತ್ತೇನೆ. ಅಚ್ಚಾದದ್ದನ್ನು ನಂಬುವ ದುರಭ್ಯಾಸ ನನಗೆ ಹಾಗೆ ಹತ್ತಿತು. ಜುಲೈ ತಿಂಗಳಲ್ಲಿ ನಿಮ್ಮ ಮೊದಲ ಕರಪತ್ರ ಬಂತು. 'ದೂರ ಯಾಕೆ? ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವ ಸಾಹಸ! ನಿಮ್ಮ ಜಿಲ್ಲೆ, ನಿಮ್ಮ ಸೊಬಗು, ನಿಮ್ಮ ಹಕ್ಕು.' ಹಕ್ಕು ಎಂಬ ಪದ ಕಂಡರೆ ನನಗೆ ಬೇರೇನೂ ಕಾಣುವುದಿಲ್ಲ. ಈ 'ನಿಮ್ಮ' ಎಂದರೆ ಯಾರದ್ದು ಎಂದು ಕೇಳಬೇಕೆಂಬುದು ಹೊಳೆಯಲೇ ಇಲ್ಲ.

ನಮ್ಮದು ಬೆಸಗರಹಳ್ಳಿ ಪಕ್ಕದ ಊರು. ಅಲ್ಲಿ ಹನ್ನೆರಡು ಹೆಂಗಸರ ನಾಟಿ ಗುಂಪಿದೆ. ಅಂಕಮ್ಮತ್ತೆ ಅದರ ಯಜಮಾನಿ. ಯಾರ ಗದ್ದೆ ಯಾವ ದಿನ ಎಂಬುದರಿಂದ ಹಿಡಿದು ಸಾಲಿನಲ್ಲಿ ಯಾರ ಪಕ್ಕ ಯಾರು ಎಂಬುದರವರೆಗೆ ಅವಳದೇ ಮಾತು. ಊರಿನ ಕೊನೆಯ ಗದ್ದೆಯ ನಾಟಿ ಮುಗಿದ ವಾರ ಈ ಗುಂಪು ಒಂದು ದಿನದ ಪ್ರವಾಸ ಹೊರಡುತ್ತದೆ. ಒಂದು ಲಗೇಜ್ ಆಟೊ, ಒಂದು ಡಬರಿ ಚಿತ್ರಾನ್ನ, ಶಿವನಸಮುದ್ರ. ಎರಡು ತಿಂಗಳು ನಿಂತ ನೀರಿನಲ್ಲಿ ನಿಂತವರು ಬೀಳುವ ನೀರು ನೋಡುವ ದಿನ. ಕಟ್ಟಳೆ ಒಂದೇ: ಆ ವರ್ಷ ಗದ್ದೆಗಿಳಿದವರು ಮಾತ್ರ ಬರಬೇಕು. ಗಂಡಂದಿರು ಬರುವಂತಿಲ್ಲ, ಮಕ್ಕಳು ಬರುವಂತಿಲ್ಲ, ಗುಂಪು ಬಿಟ್ಟವರೂ ಬರುವಂತಿಲ್ಲ.

ಅವ್ವ ಇಪ್ಪತ್ತೆರಡು ವರ್ಷದಿಂದ ಗುಂಪಿನಲ್ಲಿದ್ದಾಳೆ. ಜಲಪಾತವನ್ನು ಒಮ್ಮೆಯೂ ನೋಡಿಲ್ಲ. ಒಂದು ವರ್ಷ ನಾನು ಹುಟ್ಟಿದೆ. ಒಂದು ವರ್ಷ ಅಜ್ಜಿ ತೀರಿಕೊಂಡಳು. ಇನ್ನೊಂದು ವರ್ಷ ಸರಿಯಾಗಿ ಅದೇ ಬೆಳಿಗ್ಗೆ ಎಮ್ಮೆ ಈಯಿತು. ಉಳಿದ ವರ್ಷಗಳಲ್ಲಿ 'ಮುಂದ್ಲೊರ್ಸ ಓದ್ರಾಯ್ತು ಬುಡು' ಎಂದು ಅವಳೇ ಉಳಿದುಕೊಂಡಳು. ಐವತ್ತು ಕಿಲೋಮೀಟರಿನ ದಾರಿ, ಅದೆಲ್ಲಿ ಓಡಿಹೋಗುತ್ತದೆ ಎಂಬ ಧೈರ್ಯ. ಪಕ್ಕದಲ್ಲಿರುವುದನ್ನು ನಾವು ಹೀಗೇ ಕಳೆದುಕೊಳ್ಳುತ್ತೇವೆ. ಈ ವರ್ಷ ಮಂಡ್ಯದ ಡಾಕ್ಟರು ಬೆನ್ನಿನ ಎಕ್ಸ್‌ರೇ ನೋಡಿ, ಇನ್ನು ಬಗ್ಗುವ ಕೆಲಸ ಬಿಡದಿದ್ದರೆ ಹಾಸಿಗೆಯಿಂದ ಏಳಲಾರೆ ಎಂದರು. ಹಾಗಾಗಿ ಇದೇ ಅವಳ ಕೊನೆಯ ನಾಟಿ. ಕಟ್ಟಳೆಯ ಪ್ರಕಾರ ಇದೇ ಅವಳ ಕೊನೆಯ ಪ್ರವಾಸವೂ ಹೌದು, ಮೊದಲನೆಯದೂ ಹೌದು.

ಗುಂಪಿನವರು ಪ್ರತಿವರ್ಷ ಕೂರುತ್ತಿದ್ದ ಬಂಡೆಯ ದಾರಿಗೆ ನೀವು ತಂತಿಬೇಲಿ ಹಾಕಿ, ಮುಂಗಡ ಹೆಸರು ಬರೆಸಿದವರಿಗೆ ಮಾತ್ರ ಪ್ರವೇಶ ಎಂದಿರಿ. ಆಗಲಿ ಎಂದು ನಾನೇ ಅಂಗಡಿಯ ಕಂಪ್ಯೂಟರಿನಲ್ಲಿ ಅರ್ಜಿ ತುಂಬಲು ಕೂತೆ. 'ಉದ್ಯೋಗ' ಎಂಬ ಕಾಲಂ ಬಂತು.

"ಮನೆಗೆಲ್ಸ ಅಂತ ಬರ್ಕೊ ಮಗ, ಸುಮ್ಕೆ ಯಾಕೆ," ಎಂದಳು ಅವ್ವ.

ನಾನು ರೇಗಿದೆ. ದುಡಿಮೆಯನ್ನು ಬಚ್ಚಿಡುವುದೇ ಗುಲಾಮಗಿರಿಯ ಮೊದಲ ಮೆಟ್ಟಿಲು ಎಂದು ಗಿರಾಕಿಗಳ ಮುಂದೆಯೇ ಭಾಷಣ ಮಾಡಿದೆ. ಹನ್ನೆರಡು ಅರ್ಜಿಯಲ್ಲೂ 'ಭತ್ತದ ನಾಟಿ, ನುರಿತವರು' ಎಂದು ತುಂಬಿದೆ. ಅಂಕಮ್ಮತ್ತೆಗೆ ಎಷ್ಟು ಖುಷಿಯಾಯಿತೆಂದರೆ ನನಗಾಗಿ ಕಟ್ಟಳೆ ಸಡಿಲಿಸಿದಳು: "ಫಾರಂ ತುಂಬ್ದೋಳೂ ಒಂದ್ ಗದ್ದೆ ನೆಟ್ಟಂಗೇಯ. ಅವ್ಳೂ ಬರ್ಲಿ." ಹದಿಮೂರನೆಯ ಅರ್ಜಿ ನನ್ನದು. ಉದ್ಯೋಗ: ಜೆರಾಕ್ಸ್ ಅಂಗಡಿ.

ಸೆಪ್ಟೆಂಬರಿನ ಮೊದಲ ಭಾನುವಾರ ಹೊರಟೆವು. ಮಳವಳ್ಳಿ ದಾಟುತ್ತಿದ್ದಂತೆ ಅವ್ವ ಆಟೊದ ಚಿಕ್ಕಮಾದುವನ್ನು ಕೇಳತೊಡಗಿದಳು.

"ಇನ್ನೆಷ್ಟ್ ದೂರ ಅದೆಲಾ?"

"ಬಂದೇಬುಡ್ತು ಕನಕ್ಕ. ಇಪ್ಪತ್ತೆರಡೊರ್ಸ ಕಾದಿದ್ದೀಯ, ಇನ್ನರ್ಧ ಗಂಟೆ ತಡಿಯಕ್ಕಾಗಕಿಲ್ವಾ?"

"ನೀನೋಡ್ಸೋ ಸ್ಪೀಡ್‌ಗೆ ಇನ್ನೆಲ್ಡೊರ್ಸ ಆಯ್ತದೆ. ಬಾಯ್ ಮುಚ್ಕಂಡ್ ರೋಡ್ ನೋಡ್ಲಾ," ಎಂದಳು ಅಂಕಮ್ಮತ್ತೆ.

ಆಟೊದ ತುಂಬ ನಗು. ಮಾನ್ಯರೇ, ನಿಮ್ಮ ಕರಪತ್ರ ಹೇಳುವ 'ಸಾಹಸ' ಅಂದು ನಮಗೆ ಸಿಕ್ಕಿದ್ದು ಅಲ್ಲಿಯವರೆಗೆ ಮಾತ್ರ.

ಗೇಟಿನಲ್ಲಿ ಕುತ್ತಿಗೆಗೆ ಗುರುತಿನ ಚೀಟಿ ಹಾಕಿಕೊಂಡ ಮೇಲ್ವಿಚಾರಕರು ಮೊಬೈಲು ನೋಡಿ, "ನಾಟಿಯವರಾ? ಹಿಂದಿನ ಗೇಟು," ಎಂದರು. ಅವರ ಬಳಿ ಎರಡು ಪಟ್ಟಿಗಳಿದ್ದವು. ಒಂದು 'ವೀಕ್ಷಕರು', ಇನ್ನೊಂದು 'ಗ್ರಾಮೀಣ ಅನುಭವ ಕಲಾವಿದರು'. ಒಂದೇ ಅರ್ಜಿಯಿಂದ ನೀವು ಎರಡು ಪಟ್ಟಿ ಮಾಡುತ್ತೀರಿ, ಮತ್ತು ಉದ್ಯೋಗದ ಕಾಲಂ ನೋಡಿಯೇ ಮಾಡುತ್ತೀರಿ. ನೇಗಿಲು, ಕುಲುಮೆ, ಮಗ್ಗ, ನಾಟಿ ಎಂದು ಬರೆದವರು ತೋರಿಸುವವರು. ಉಳಿದವರು ನೋಡುವವರು. ಕೈ ಕೆಸರು ಮಾಡಿಕೊಳ್ಳುವವರಿಗೆ ಕಣ್ಣೂ ಇರಬಹುದು ಎಂದು ನಿಮ್ಮ ಕಚೇರಿಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲವೇ? ನಾನು ವಾದಿಸಿದೆ. ಓದಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಆ ಮನುಷ್ಯ ಸಮಾಧಾನದಿಂದ ಕೇಳಿಸಿಕೊಂಡರು.

"ಮೇಡಂ, ನೀವ್ ಹೇಳೋದೆಲ್ಲ ಸರಿ. ಆದ್ರೆ ಸಿಸ್ಟಂ ಒಪ್ಪಲ್ಲ. ಅರ್ಜಿ ನೀವೇ ತುಂಬಿರೋದಲ್ವಾ?"

ಅದಕ್ಕೆ ಉತ್ತರ ಯಾವ ಕರಪತ್ರದಲ್ಲೂ ಇರಲಿಲ್ಲ.

"ಒಂದ್ ಗಂಟೆ ನಾಟಿ ಹಾಕಿ ತೋರಿಸ್ಲಿ, ಆಮೇಲೆ ಜಲಪಾತ ನೋಡ್ಕೊಂಡು ಹೋಗ್ಲಿ," ಎಂದು ಅವರೇ ದಾರಿ ತೋರಿಸಿದರು.

"ರಜ ಮಾಡ್ಕಂಡು ಕೂಲಿಗ್ ಬಂದಂಗಾಯ್ತಲ್ರವ್ವ!" ಎಂದಳು ಅಂಕಮ್ಮತ್ತೆ. ಆದರೂ ಸೀರೆ ಎತ್ತಿ ಕಟ್ಟಿದಳು. "ನಡೀರಿ, ನಾಕ್ ಸಾಲು ನೆಟ್ಟು ಬರಾಣ. ಇಸ್ಟ್ ದೂರ ಬಂದು ವಾಪಸ್ ಓಗಾದುಂಟಾ?"

ನನ್ನ ಹೆಸರು ವೀಕ್ಷಕರ ಪಟ್ಟಿಯಲ್ಲಿತ್ತು. ನಾನು ಮುಂದಿನ ಗೇಟಿನಿಂದ ಹೋದೆ.

ನಿಮ್ಮ ಪ್ರದರ್ಶನದ ಗದ್ದೆ ಎರಡು ಗುಂಟೆ ಇರಬಹುದು. ಅದರ ಹಿಂದೆ ಉದ್ದಕ್ಕೂ ಬಿದಿರ ತಟ್ಟಿ, ಆಳೆತ್ತರಕ್ಕಿಂತ ಹೆಚ್ಚು. ಮುಂದೆ ವೀಕ್ಷಕರಿಗೆ ಮರದ ಅಟ್ಟಣೆ. ಅಟ್ಟಣೆಯ ಮೇಲೆ ನಿಂತರೆ ಕೆಳಗೆ ಹೆಂಗಸರು, ತಟ್ಟಿಯ ಮೇಲ್ಗಡೆ ಇಡೀ ಜಲಪಾತ. ಬಂಡೆಯಿಂದ ಬಂಡೆಗೆ ಬಿದ್ದು, ಬೆಳ್ಳಗೆ ಒಡೆದು, ಮತ್ತೆ ಹೊಗೆಯಂತೆ ಮೇಲೇಳುವ ಕಾವೇರಿ. ಗದ್ದೆಯಲ್ಲಿ ನಿಂತವರಿಗೆ ಬರೀ ತಟ್ಟಿ. ನಾಟಿ ಮಾಡುವವರು ಹಿಂದಕ್ಕೆ ಹೆಜ್ಜೆಯಿಡುತ್ತಾ ಹೋಗುತ್ತಾರೆ, ಇದು ನಿಮಗೆ ಗೊತ್ತಿರಬೇಕು. ನನ್ನ ಅವ್ವ ಅಂದು ಇಡೀ ದಿನ ಬಗ್ಗಿಕೊಂಡು, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತಾ, ಜಲಪಾತದ ಕಡೆಗೇ ಹೋಗುತ್ತಿದ್ದಳು.

"ಅವ್ವಾ, ಹಿಂದೆ ತಿರುಗಿ ನೋಡು!" ಎಂದು ನಾನು ಕೂಗಿದೆ. ಸೊಂಟದ ಮೇಲೆ ಕೈಯಿಟ್ಟು ನಿಧಾನಕ್ಕೆ ನೆಟ್ಟಗಾದಳು. ತಿರುಗಿದಳು. ತಟ್ಟಿ ನೋಡಿದಳು. ನನ್ನ ಕಡೆ ನೋಡಿ ನಕ್ಕಳು. ಅಟ್ಟಣೆಯ ಮೇಲೆ ಹತ್ತಾರು ಕ್ಯಾಮೆರಾ ಸದ್ದಾದವು. ಯಾರೋ, "ಅಜ್ಜಿ, ಹಂಗೇ ಬಗ್ಗಿ, ಇನ್ನೊಂದು," ಎಂದರು. ಅವಳಿಗೆ ನಲವತ್ತೆಂಟು ವರ್ಷ.

ಒಂದು ಗಂಟೆ ಎಂದದ್ದು ವೀಕ್ಷಕರ ಒಂದು ತಂಡಕ್ಕೆ ಮಾತ್ರವಂತೆ. ಒಂದು ತಂಡ ಅಟ್ಟಣೆ ಇಳಿದ ಕೂಡಲೇ ನಿಮ್ಮವರು ನೆಟ್ಟ ಪೈರನ್ನೆಲ್ಲ ಕಿತ್ತು, ಕಟ್ಟು ಕಟ್ಟಿ ಮತ್ತೆ ಕೈಗೆ ಕೊಟ್ಟರು. ಅದೇ ಗದ್ದೆ, ಅದೇ ಪೈರು, ನಾಲ್ಕು ಸಲ. ನಾಲ್ಕನೆಯ ತಂಡ ಮುಗಿಯುವಾಗ ಐದು ಗಂಟೆಯ ಸೀಟಿ ಊದಿದರು. ವೀಕ್ಷಣೆ ಬಂದ್. ಕಲಾವಿದರು ಹಿಂದಿನ ಗೇಟಿನಿಂದ ಹೊರಡಬೇಕು. ಎಲ್ಲರಿಗೂ ಒಂದೊಂದು ಗೌರವಪತ್ರ ಕೊಟ್ಟಿರಿ. ಅವ್ವನಿಗೆ ಓದಲು ಬರುವುದಿಲ್ಲ, ಕೈಯ ಕೆಸರು ತಾಗದಂತೆ ತುದಿಯಲ್ಲಿ ಹಿಡಿದುಕೊಂಡಿದ್ದಳು.

ವಾಪಸು ಬರುವಾಗ ಯಾರೂ ಚಿತ್ರಾನ್ನ ಮುಟ್ಟಲಿಲ್ಲ. ಮಳವಳ್ಳಿ ಹತ್ತಿರ ಅವ್ವ ನನ್ನ ಕಿವಿಯ ಬಳಿ ಕೇಳಿದಳು.

"ನೆಟ್ಟಿದ್ದ ಕೀಳ್ತಾರಲ್ಲ ಮಗ, ಅವ್ರ್ಗೇನೂ ಅನ್ಸಕಿಲ್ವಾ?"

ನಾನು ಚಿತ್ರಾನ್ನದ ಡಬರಿಯ ಮುಚ್ಚಳ ಸರಿಮಾಡಿದೆ.

"ಓಗ್ಲಿ ಬುಡು. ನೀರು ಎಂಗಿತ್ತು? ಸದ್ದು ಜೋರಾಗಿತ್ತು. ಬೆನ್ ಮ್ಯಾಲೆ ತುಂತುರೂ ಬೀಳ್ತಿತ್ತು."

"ಏನಿಲ್ಲ ಕಣವ್ವ, ಬರೀ ನೀರು," ಎಂದೆ.

ನಾನು ಸುಳ್ಳು ಹೇಳುವವಳಲ್ಲ, ಮಾನ್ಯರೇ. ಅದೊಂದು ಹೇಳಿದೆ.

ಆಮೇಲೆ ನಿಮ್ಮ ಕಚೇರಿಗೆ ಮೂರು ಪತ್ರ ಬರೆದೆ. ಉತ್ತರವಾಗಿ ಅವ್ವನ ಮೊಬೈಲಿಗೆ ಸಂದೇಶ ಬಂತು: 'ನಿಮ್ಮ ಸಹಭಾಗಿತ್ವಕ್ಕೆ ವಂದನೆ. ಮುಂದಿನ ಪ್ರದರ್ಶನದ ದಿನಾಂಕ ತಿಳಿಸಲಾಗುವುದು.' ಅವಳ ಹೆಸರಿನಲ್ಲಿ ಮತ್ತೆ ಅರ್ಜಿ ಹಾಕಲು ನೋಡಿದೆ. ಈಗಾಗಲೇ ಕಲಾವಿದರೆಂದು ನೋಂದಾಯಿತರಾದವರು ವೀಕ್ಷಕರಾಗಲು ಬರುವುದಿಲ್ಲವಂತೆ. ಯಾರ ಮೇಲೆ ಕೂಗಾಡಲಿ? ಗೇಟಿನವರು ಒಳ್ಳೆಯವರು, ಕಂಪ್ಯೂಟರಿಗೆ ಕಿವಿಯಿಲ್ಲ, ನೀವು ಎಲ್ಲಿ ಕೂರುತ್ತೀರೆಂದು ಯಾರಿಗೂ ಗೊತ್ತಿಲ್ಲ. ಅರ್ಜಿ ತುಂಬಿದವಳು ನಾನು.

ಕಳೆದ ವಾರ ನಿಮ್ಮ ಹೊಸ ಕರಪತ್ರದ ಕಟ್ಟು ನಮ್ಮ ಅಂಗಡಿಗೇ ಹಂಚಲು ಬಂತು. ಅಭ್ಯಾಸದಂತೆ ಒಂದು ಪ್ರತಿ ಮನೆಗೆ ಒಯ್ದೆ. ಅವ್ವ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ತನ್ನನ್ನು ನೋಡಿಕೊಳ್ಳುತ್ತಿದ್ದಾಳೆ ಎಂದುಕೊಂಡೆ. ಅವಳ ಬೆರಳು ತಟ್ಟಿಯ ಮೇಲ್ಗಡೆ ಇತ್ತು.

"ಇದೇಯಾ ಅದು?"

"ಊಂ."

"ಬರೀ ನೀರು ಅಂದೆ."

ಬೆರಳನ್ನು ಕೆಳಗೆ, ತನ್ನ ಚಿತ್ರದ ಮೇಲೆ ಇಳಿಸಿ ಹೇಳಿದಳು: "ನನ್ ಬೆನ್ನಿಂದೇಲೇ ಇತ್ತಲ್ಲೆ."

ಈಗ ನನ್ನ ಬೇಡಿಕೆ. ಮೊದಲ ಪತ್ರದಲ್ಲಿ ಹನ್ನೊಂದು ಬೇಡಿಕೆಗಳಿದ್ದವು, ಯೋಜನೆಯನ್ನೇ ರದ್ದು ಮಾಡಬೇಕೆಂಬುದೂ ಸೇರಿ. ಅವೆಲ್ಲ ಈಗಲೂ ನ್ಯಾಯವೇ. ಆದರೆ ನನ್ನಲ್ಲಿ ಉಳಿದಿರುವುದು ಒಂದು. ನಾನೊಬ್ಬಳೇ ಕರೆದುಕೊಂಡು ಹೋಗುತ್ತೇನೆಂದರೆ ಅವ್ವ ಒಪ್ಪುವುದಿಲ್ಲ, ಗುಂಪಿಲ್ಲದೆ ಏನು ನೋಡಲಿ ಎನ್ನುತ್ತಾಳೆ. ಅದಕ್ಕೆ ಅಂಕಮ್ಮತ್ತೆ ತೀರ್ಪು ಕೊಟ್ಟಿದ್ದಾಳೆ: ಸಣ್ಣತಾಯಿ ನಿಮ್ಮ ಗದ್ದೆಯನ್ನು ನಾಲ್ಕು ಸಲ ನೆಟ್ಟಿದ್ದಾಳೆ, ಒಂದು ಸಲದ್ದು ಈ ವರ್ಷಕ್ಕೆ ಹೋಯಿತು, ಉಳಿದ ಮೂರು ಮುಂದಿನ ಮೂರು ವರ್ಷಕ್ಕೆ. ಹಾಗಾಗಿ ಅವಳು ಇನ್ನೂ ಗುಂಪಿನವಳೇ, ಪ್ರವಾಸಕ್ಕೆ ಬರಬಹುದು. ಎಷ್ಟೋ ವರ್ಷಗಳ ನಮ್ಮ ಕಟ್ಟಳೆಯನ್ನು ಓದುಬರಹವಿಲ್ಲದ ಒಬ್ಬ ಹೆಂಗಸು ಜಗಲಿಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಳ್ಳುವಷ್ಟರಲ್ಲಿ ತಿದ್ದಿದಳು. ನಿಮ್ಮ ಕಟ್ಟಳೆ ಹುಟ್ಟಿ ಇನ್ನೂ ಮೂರು ತಿಂಗಳಾಗಿಲ್ಲ. ಮುಂದಿನ ನಾಟಿ ಮುಗಿದ ವಾರ, ಹೊಳೆಯಲ್ಲಿ ನೀರಿರುವಾಗ, ಹನ್ನೆರಡು ಹೆಂಗಸರನ್ನು ಮುಂದಿನ ಗೇಟಿನಿಂದ ಬಿಡಿ. ಅದೂ ಆಗದಿದ್ದರೆ ಆ ತಟ್ಟಿಯನ್ನು ಎರಡಡಿ ಇಳಿಸಿ. ನನ್ನ ಅವ್ವ ಐದಡಿಗಿಂತ ಸ್ವಲ್ಪ ಗಿಡ್ಡ.

ನೀವು ಇದನ್ನು ಓದುತ್ತೀರೆಂಬ ನಂಬಿಕೆ ನನಗಿಲ್ಲ. ಆದರೂ ಅಂಗಡಿಯಲ್ಲಿ ಇನ್ನೂರು ಪ್ರತಿ ತೆಗೆದಿದ್ದೇನೆ. ನಿಮ್ಮ ಕರಪತ್ರದ ಪಕ್ಕದಲ್ಲೇ ಇಟ್ಟಿರುತ್ತೇನೆ.

ಇಂತಿ,
ನಿಮ್ಮ ವೀಕ್ಷಕರ ಪಟ್ಟಿಯಲ್ಲಿದ್ದು, ಎಲ್ಲವನ್ನೂ ನೋಡಿದ
ಅರ್ಪಿತ