ಮೊಳೆಗೆ ತೂಗಿದ ಬಿಲ್ಲೆಯ ಸಾಕ್ಷಿ

ಪರಮಾಣು ಸ್ಥಾವರ ಸುರಕ್ಷತೆಯ ಅಂತರರಾಷ್ಟ್ರೀಯ ಜಂಟಿ ಸಂಶೋಧನೆಯ ಮುಖ್ಯಸ್ಥರಿಗೆ,

ಮಾನ್ಯರೇ, ನಿಮ್ಮ ವರದಿಯಲ್ಲಿ ಒಂದು ತಪ್ಪಿದೆ. ಆ ತಪ್ಪು ಮಾಡಿದವನು ನನ್ನ ತಮ್ಮ ಮಡೆಪ್ಪ. ಹೋದ ಶ್ರಾವಣದಲ್ಲಿ ಅವನು ತೀರಿಕೊಂಡದ್ದರಿಂದ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ.

ಆಯುಷ್ಯ ಮುಗಿದ ಪ್ರಾಯೋಗಿಕ ಸ್ಥಾವರವೊಂದನ್ನು ಅಪಾಯವಿಲ್ಲದೆ ಬಿಚ್ಚುವುದು ಹೇಗೆಂದು ಕಲಿಯಲು ಮೂರು ದೇಶಗಳ ವಿದ್ವಾಂಸರು ನಿಮ್ಮ ಕೇಂದ್ರದಲ್ಲಿ ಸೇರಿದ್ದರು. ಕಲಿತವರು ವಿದ್ವಾಂಸರು, ಕೊಳವೆ ಕೊಯ್ದವರು ಮಡೆಪ್ಪನಂಥವರು. ಮೈಮೇಲೆ ಎಷ್ಟು ವಿಕಿರಣ ಬಿತ್ತೆಂದು ತಿಳಿಯಲು ಪ್ರತಿಯೊಬ್ಬನಿಗೂ ಒಂದು ಬಿಲ್ಲೆ ಕೊಟ್ಟಿರಿ. ಅದರೊಳಗೆ ಫೋಟೋ ಫಿಲ್ಮಿನ ತುಣುಕು. ಕಿರಣ ಬಿದ್ದರೆ ಕಪ್ಪಾಗುತ್ತದೆ. ಎದೆಯ ಮೇಲೆ ಧರಿಸಬೇಕು. ಇದನ್ನೆಲ್ಲ ಹೇಳುವ ಹಾಳೆಯನ್ನು ಅವರವರ ಭಾಷೆಯಲ್ಲೇ ಹಂಚಿದಿರಿ. ಎಂಥ ಕಾಳಜಿ! ಆದರೆ ಮಡೆಪ್ಪ ನೌಕರಿಗೆ ಸೇರಿದಾಗ ನಮ್ಮ ಔರಾದ ಹೈದರಾಬಾದ್ ರಾಜ್ಯದಲ್ಲಿತ್ತು. ಆಮೇಲೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ನಿಮ್ಮ ರಿಜಿಸ್ಟರು ಸೇರಲಿಲ್ಲ. ಹೈದರಾಬಾದಿನವನೆಂದು ಅವನ ಕೈಗೆ ತೆಲುಗಿನ ಹಾಳೆ ಬಂತು. ಓದಲು ಬಾರದೆ ಅದರಲ್ಲಿ ಬುತ್ತಿಯ ರೊಟ್ಟಿ ಸುತ್ತಿದ. ಮೂರು ದೇಶ ಕೂಡಿದ ಜಾಗದಲ್ಲಿ ಮೂರು ಸಾಲು ಕನ್ನಡ ಹುಟ್ಟಲಿಲ್ಲವೇ?

ಅವನು ರಜೆಗೆ ಬಂದು ಭಾಲ್ಕಿಯಲ್ಲಿ ರೈಲಿಳಿದಾಗ ಕರೆತರಲು ನಾನೇ ಹೋಗಿದ್ದೆ. ಬಸ್ಸಿಗೆ ಕಾಯುತ್ತ ಕುಳಿತಾಗ ಬಿಲ್ಲೆಯ ಮಾತು ಬಂತು.

"ಎದಿ ಮ್ಯಾಲ ಹಚ್ಕೋ ಅಂತಾರ್ರಿ ಅಣ್ಣಾ. ಎದಿ ಮ್ಯಾಲ ಲಿಂಗ ಅದ. ಲಿಂಗದ ಮ್ಯಾಲ ಸರಕಾರದ ಬಿಲ್ಲಿ ಹ್ಯಾಂಗ ಹಚ್ಲಿರಿ?"

"ಮತ್ತ ಏನ್ ಮಾಡ್ತಿ?"

"ಹೊರಗ ಮೊಳಿಗಿ ಅಂಗಿ ಜೋಡಿ ತೂಗ ಹಾಕ್ತೇನಿ. ಹಾಜರಿ ಬಿಲ್ಲಿ ಅಲ್ಲೇನ್ರಿ ಅದು? ನಾ ಒಳಗ ಬೆವರ ಸುರಸ್ತೇನಿ, ಅದು ಹೊರಗ ಗಾಳಿ ತಗೋತದ. ಥೇಟ್ ಸಾಹೇಬರಂಗ!"

ನಾನು ನಕ್ಕೆ. "ಶಾಭಾಸ್ ಮಡೆಪ್ಪ, ಧರ್ಮ ಉಳಿಸ್ದಿ" ಎಂದೆ. ಇಷ್ಟು ಓದಿ ಮಾಸ್ತರನಾದವನು, ಆ ಬಿಲ್ಲೆ ಯಾತಕ್ಕೆಂದು ಒಂದು ಮಾತು ಕೇಳಲಿಲ್ಲ.

ಎರಡು ವರ್ಷದೊಳಗೆ ಅವನ ರಕ್ತ ಕೆಟ್ಟಿತು. ವಸಡಿನ ರಕ್ತ ನಿಲ್ಲದೆ ಬೀದರಿನಲ್ಲಿ ಮೂವತ್ತೊಂದನೆಯ ವಯಸ್ಸಿಗೆ ಮುಗಿದ. ಮಣ್ಣಿಗೆ ಬಂದಿದ್ದ ಅವನ ಜೊತೆಗಾರ ಸಲಾವೋದ್ದೀನ ಬಿಲ್ಲೆಯೊಳಗೆ ಏನಿತ್ತೆಂದು ಹೇಳಿದ. ನಾನು ಮೊಳೆಯ ಮಾತು ಹೇಳಿದೆ. ಮಡೆಪ್ಪನ ಹೆಂಡತಿ ಶಿವಕಾಂತಾ ನನ್ನ ಮುಖ ನೋಡಿ ಕೇಳಿದಳು: "ಭಾವಾ, ನಿಮಗ ಗೊತ್ತಿತ್ತೇನ್ರಿ?"

ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ನೀವು.

ಪರಿಹಾರಕ್ಕೆಂದು ಆಕೆ ಬರೆಸಿದ ಅರ್ಜಿಗೆ ನಿಮ್ಮ ಉತ್ತರ ಬಂತು: ಹದಿನಾಲ್ಕು ತಿಂಗಳ ಫಿಲ್ಮುಗಳೂ ಸ್ವಚ್ಛವಾಗಿವೆ, ಎಲ್ಲದರಲ್ಲೂ ವಿಕಿರಣ ಸೊನ್ನೆ, ಕಾಯಿಲೆಗೂ ಕೆಲಸಕ್ಕೂ ಸಂಬಂಧವಿಲ್ಲ. ಬಿಲ್ಲೆ ಬೆಳ್ಳಗೆ, ತಮ್ಮ ಮಣ್ಣೊಳಗೆ. ನನಗೆ ಪ್ರಾಸದ ಹುಚ್ಚು ಮೊದಲಿನಿಂದಲೂ ಇದೆ. ಈ ಪ್ರಾಸ ಮಾತ್ರ ನನಗೆ ಬೇಕಿರಲಿಲ್ಲ. ಅದೇ ಫಿಲ್ಮುಗಳನ್ನು ಸಾಕ್ಷಿಯಾಗಿಟ್ಟು, ಈ ಪದ್ಧತಿ ಸುರಕ್ಷಿತವೆಂದು ಮೂರೂ ದೇಶಗಳಿಗೆ ವರದಿ ಕಳಿಸಿದ್ದೀರಿ. ಮಾನ್ಯರೇ, ನೀವು ಅಳೆದದ್ದು ಒಂದು ಗೋಡೆಯನ್ನು. ಗೋಡೆ ಕ್ಷೇಮವಾಗಿದೆ.

ನಾನು ಪರಿಹಾರ ಕೇಳುತ್ತಿಲ್ಲ. ವರದಿಯಿಂದ ಮಡೆಪ್ಪನ ಸೊನ್ನೆಗಳನ್ನು ತೆಗೆಯಿರಿ. 'ಈ ಮನುಷ್ಯನ ಮೇಲೆ ಎಷ್ಟು ಬಿತ್ತೋ ನಮಗೆ ತಿಳಿಯದು' ಎಂದು ಬರೆದು ಮೂರೂ ದೇಶಗಳಿಗೆ ಕಳಿಸಿ. ಮುಂದಿನ ತಿಂಗಳು ಸಲಾವೋದ್ದೀನನ ತಂಡ ಅದೇ ಪದ್ಧತಿಯಲ್ಲಿ ಎರಡನೆಯ ಕೋಣೆ ಬಿಚ್ಚಲು ಇಳಿಯಲಿದೆ. ವರದಿ ತಿದ್ದುವವರೆಗೆ ಅವರನ್ನು ತಡೆಯಿರಿ. ಅವನ ತಾಯಿ ಖುರ್ಷಿದ ಬೇಗಂ ದಿನಾ ನಮ್ಮ ಬಾಗಿಲಿಗೆ ಬಂದು ಕೇಳುತ್ತಾಳೆ: "ಮಾಸ್ತರ್ರ, ಮಗನಿಗಿ ಹೋಗಬ್ಯಾಡ ಅನ್ಲೇನ್ರಿ?"

ಆಕೆಗೆ ಏನು ಹೇಳಲಿ? ಬೇಗ ತಿಳಿಸಿ.

ಇಂತಿ,
ಕೇಳಬೇಕಾದಾಗ ಕೇಳದ ಪದವೀಧರ,
ಬಸವಣ್ಣೆಪ್ಪ, ಔರಾದ