ನೈದಿಲೆ ತಂಡದ ಡೇರೆ

ಅಕ್ಟೋಬರ್ 8, ಮಂಗಳವಾರ

ಗೂಟ ಎಣಿಸಿದೆ. ಇಪ್ಪತ್ತನಾಲ್ಕು ಇರಬೇಕು, ಇಪ್ಪತ್ತೆರಡಿವೆ. ಮಲ್ಲಿಗೆ ತಂಡದ ಚೀಲದಲ್ಲಿ ಇಪ್ಪತ್ತಾರು. ಅವರ ಲೀಡರ್ ಹಿರುಣಿಯನ್ನು ಕೇಳಿದರೆ, "ನಮ್ಮ ಗೂಟ ಮರಿ ಹಾಕಿರ್ಬೇಕು ಕಣೆ" ಎಂದಳು. ನಾನು ನಗಲಿಲ್ಲ.

ಹೋದ ವರ್ಷದ ಗೈಡ್ಸ್ ಕ್ಯಾಂಪಿನಲ್ಲೂ ಹೀಗೇ. ಇನ್‌ಸ್ಪೆಕ್ಷನ್‌ಗೆ ಹತ್ತು ನಿಮಿಷ ಇದ್ದಾಗ ನಮ್ಮ ಟೆಂಟಿನ ಹಗ್ಗ ಬಿಚ್ಚಿಕೊಂಡಿತ್ತು. ಗೆದ್ದ ತಂಡಕ್ಕೆ ಕೊಡುವ ಬಾವುಟ ಅವರ ಪಾಲಾಯಿತು. ಹಗ್ಗ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಈ ಸಲ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದು.

ನೈಲಾನ್ ಹಗ್ಗ ಸವೆದು ನಾರು ನಾರಾಗಿತ್ತು. ಹೊಸದು ತಂದೆ, ಹತ್ತಿಯದು. ಬೆಳ್ಳಗೆ ಮದುವೆ ಮನೆಯ ಹಾಗೆ ಕಾಣುತ್ತದೆ. ನಮ್ಮ ಗೈಡ್ ಟೀಚರ್ ಚಿತ್ರಾಂಗನಿ ಮಿಸ್‌ಗೆ ಇನ್ನೂ ತೋರಿಸಿಲ್ಲ. ಕ್ಯಾಂಪಿನಲ್ಲೇ ನೋಡಿ ಮೆಚ್ಚಿಕೊಳ್ಳಲಿ.

ನಮ್ಮ ನೈದಿಲೆ ತಂಡಕ್ಕೆ ಹೊಸಬಳು ಬಂದಿದ್ದಾಳೆ. ಡಿಲಿನಿ ಕುರೇರ, ಏಳನೇ ಕ್ಲಾಸ್. ಕಡಲ ತೀರದ ನಿಗೊಂಬೊ ಕಡೆಯವಳು, ಅಪ್ಪ ದೋಣಿಯಲ್ಲಿ ಮೀನಿಗೆ ಹೋಗುತ್ತಾರಂತೆ. ಮಾತು ಕಡಿಮೆ. ಹಾಸ್ಟೆಲಿನಲ್ಲಿ ಅವಳ ಪಕ್ಕದ ಮಂಚ ಮಲ್ಲಿಗೆ ತಂಡದವಳದು! ನಾಲ್ಕು ಜನ ಹೊಸಬರಲ್ಲಿ ಇವಳೇ ನಮಗೆ ಯಾಕೆ ಬಂದಳು?

ಅಕ್ಟೋಬರ್ 11, ಶುಕ್ರವಾರ, ಸಂಜೆ 7

ಹಂತಾನ ಗುಡ್ಡ, ಕ್ಯಾಂಪಿನ ಜಾಗ. ಟೀ ಗಿಡಗಳ ನಡುವೆ ಒಂದು ಗಂಟೆ ನಡಿಗೆ. ಕಾಲಿಗೆಲ್ಲ ಸೋಪು ಉಜ್ಜಿಕೊಂಡರೂ ಜಿಗಣೆ ಬಿಡಲಿಲ್ಲ. ನನಗೆ ಮೂರು ಕಚ್ಚಿದವು, ಡಿಲಿನಿಗೆ ಒಂದೂ ಇಲ್ಲ. ಅದೂ ಅನುಮಾನವೇ.

ಟೆಂಟ್ ನಿಂತಿತು. ಹಗ್ಗ ಎಷ್ಟು ಬಿಗಿ ಎಂದರೆ ಬೆರಳಲ್ಲಿ ಮೀಟಿದರೆ ಸದ್ದು ಬರುತ್ತದೆ. ಡಿಲಿನಿ ಹಗ್ಗ ಮುಟ್ಟಿ ಮುಟ್ಟಿ ನೋಡಿದಳು. "ಇದು ಹತ್ತೀದಾ ಅಕ್ಕ?" ಎಂದಳು. "ಹೌದು, ಯಾಕೆ, ಮೀನು ಹಿಡಿಯೋಕೆ ಬೇಕಿತ್ತಾ?" ಎಂದೆ. ಎಲ್ಲರೂ ನಕ್ಕರು. ಅವಳು ಮತ್ತೆ ಬಾಯಿ ತೆರೆಯಲಿಲ್ಲ.

ಹೊಸಬರನ್ನು ಕೂರಿಸಿಕೊಂಡು ರಿವಾಜು ಹೇಳಿಕೊಡುವ ಕೆಲಸ ಈ ವರ್ಷ ನನ್ನದು. ಭಾನುವಾರ ಪ್ರತಿಜ್ಞೆ ತೆಗೆದುಕೊಂಡು ಗೈಡ್ ಬ್ಯಾಡ್ಜಿನ ಪಿನ್ ಚುಚ್ಚಿಸಿಕೊಳ್ಳುವವರೆಗೆ ದಿನಕ್ಕೊಂದು ಒಳ್ಳೆ ಕೆಲಸ ಮಾಡಬೇಕು, ಗುಟ್ಟಾಗಿ. "ಮಾಡಿದ್ದನ್ನ ಯಾರಿಗೂ ಹೇಳಂಗಿಲ್ಲ. ಮಿಸ್ ಕೇಳಿದ್ರೂ ಇಲ್ಲ, ನಾನು ಕೇಳಿದ್ರೂ ಇಲ್ಲ. ಬಾಯಿ ಬಿಟ್ರೆ ಪಿನ್ ಆಸೆ ಬಿಟ್ಬಿಡಿ." ಸ್ವಲ್ಪ ಜಾಸ್ತಿಯೇ ಹೆದರಿಸಿದೆ. ನನ್ನನ್ನೂ ಹೀಗೇ ಹೆದರಿಸಿದ್ದರು.

ಅಕ್ಟೋಬರ್ 12, ಶನಿವಾರ, ಬೆಳಿಗ್ಗೆ 6.10

ಹಗ್ಗ ಸಡಿಲ! ಎಂಟಕ್ಕೆ ಎಂಟೂ. ಬಿಚ್ಚಿಹೋಗಿಲ್ಲ, ಜೋತು ಬಿದ್ದಿವೆ. ಟೆಂಟ್ ಮುದುಕಿಯ ಗಲ್ಲದ ಹಾಗಿದೆ. ಎಂಟೂ ಗಂಟನ್ನು ಯಾರೋ ಬಿಚ್ಚಿ, ಒಂದು ಗೇಣು ಬಿಟ್ಟು, ಮತ್ತೆ ನೀಟಾಗಿ ಹಾಕಿದ್ದಾರೆ. ಗಂಟು ನಮ್ಮ ಕೈಯದಲ್ಲ. ಅಷ್ಟು ಚೆನ್ನಾಗಿ ನಮಗೆ ಬರುವುದಿಲ್ಲ.

ಹಿರುಣಿ ಪ್ಲೇನ್ ಟೀ ಕುಡಿಯುತ್ತ, ಬೆಲ್ಲ ಕಡಿಯುತ್ತ ಇತ್ತಲೇ ನೋಡುತ್ತಿದ್ದಳು. "ಯಾಕೆ ಮಧಾರಾ, ಟೆಂಟ್‌ಗೆ ನಿದ್ದೆ ಬಂತಾ?" ಎಂಟೂ ಹಗ್ಗವನ್ನು ಮತ್ತೆ ಎಳೆದು ಬಿಗಿದೆ. ಇನ್‌ಸ್ಪೆಕ್ಷನ್‌ನಲ್ಲಿ ಹತ್ತಕ್ಕೆ ಒಂಬತ್ತು ಬಂತು.

ಮಧ್ಯಾಹ್ನ 2.30

ಸಿಕ್ಕಿಬಿದ್ದಳು.

ಊಟ ಮುಗಿಸಿ ಎಲ್ಲರೂ ತಟ್ಟೆ ತೊಳೆಯಲು ತೊರೆಗೆ ಹೋದರು. ನಾನು ಸೌದೆ ರಾಶಿಯ ಹಿಂದೆ ಕುಳಿತೆ. ಐದು ನಿಮಿಷ. ಡಿಲಿನಿ ಒಬ್ಬಳೇ ವಾಪಸ್ ಬಂದಳು. ತಲೆಯೆತ್ತಿ ಗುಡ್ಡದ ಕಡೆ ನೋಡಿದಳು — ಆ ಕಡೆಯೇ ಮಲ್ಲಿಗೆ ತಂಡದ ಟೆಂಟ್ ಇರುವುದು. ಆಮೇಲೆ ಒಂದೊಂದೇ ಹಗ್ಗ ಸಡಿಲ ಮಾಡತೊಡಗಿದಳು. ಅವಸರವಿಲ್ಲ, ಅಂಜಿಕೆಯಿಲ್ಲ.

ಅವಳು ಹೋಗುವವರೆಗೆ ಕಾದೆ. ಎಲ್ಲ ಮತ್ತೆ ಬಿಗಿದೆ, ಮೇಲೊಂದು ಗಂಟು ಹೆಚ್ಚಿಗೆ ಹಾಕಿದೆ. ಮೈಯೆಲ್ಲ ಉರಿಯುತ್ತಿದೆ. ನಾಯಕಿಯರ ಸಭೆ ಕರೆಯುತ್ತೇನೆ.

ಸಂಜೆ 5

ಸಭೆ ಮುಗಿಯಿತು. ಮೂರು ತಂಡದ ಲೀಡರ್‌ಗಳು ಕುಳಿತೆವು — ನಾನು, ಹಿರುಣಿ, ಸಂಪಿಗೆ ತಂಡದ ನೆತ್ಮಿ. ಚಿತ್ರಾಂಗನಿ ಮಿಸ್ ಸಭೆಗೆ ಬರುವುದಿಲ್ಲ, ಅದು ಪದ್ಧತಿ. ನಾವು ತೀರ್ಮಾನಿಸಿದ್ದೇ ತೀರ್ಮಾನ. ಡಿಲಿನಿಯನ್ನು ಕರೆಸಿ ನಾನೇ ಕೇಳಿದೆ.

"ಹಗ್ಗ ಸಡಿಲ ಮಾಡಿದ್ದು ನೀನಾ?"

"ಹೂಂ ಅಕ್ಕ."

"ಎರಡು ಸಲಾನೂ?"

"ಹೂಂ."

"ಯಾಕೆ?"

ನನ್ನ ಮುಖವನ್ನೇ ನೋಡಿದಳು. ಯಾವಾಗ ನಿಲ್ಲಿಸುತ್ತೀರಿ ಎಂದು ಕೇಳುವ ಹಾಗಿತ್ತು.

"ಹಿರುಣಿ ಅಕ್ಕ ಹೇಳಿಕೊಟ್ಟಿದ್ದಾ?" ಎಂದೆ.

ಹಿರುಣಿ ಎದ್ದೇ ನಿಂತಳು. "ಏ, ಬಾಯಿಗೆ ಬಂದಂಗೆ ಮಾತಾಡ್ಬೇಡ. ನಿಮ್ಮ ಟೆಂಟ್ ಕಟ್ಕೊಂಡು ನಮಗೇನಾಗ್ಬೇಕು?"

ಡಿಲಿನಿ ಇಲ್ಲವೆಂದು ತಲೆಯಾಡಿಸಿದಳು. ಮತ್ಯಾರು ಎಂದೆ. ಮತ್ತೆ ನನ್ನನ್ನೇ ನೋಡಿದಳು. ಎಂಥ ಧೈರ್ಯ! ತಪ್ಪು ಮಾಡಿ ಕಣ್ಣಲ್ಲಿ ಕಣ್ಣಿಟ್ಟು ನೋಡುವುದು.

ತೀರ್ಮಾನ: ನಾಳೆ ಅವಳಿಗೆ ಪ್ರತಿಜ್ಞೆ ಇಲ್ಲ. ಮುಂದಿನ ವರ್ಷ ನೋಡೋಣ. ನೆತ್ಮಿ ಮಾತ್ರ "ಇನ್ನೊಂದ್ಸಲ ಕೇಳೋಣ ಕಣೆ" ಎಂದಳು. ನಾನು ಬೇಡವೆಂದೆ.

ಹೊರಗೆ ಹೋಗುವಾಗ ಡಿಲಿನಿ ಒಂದೇ ಮಾತು ಹೇಳಿದಳು. "ಅಪ್ಪ ನಾಳೆ ನೋಡೋಕೆ ಬರ್ತಾರೆ ಅಕ್ಕ. ಬೆಳಗಿನ ಜಾವದ ಬಸ್ಸು. ದೋಣಿ ಬಿಟ್ಟು ಬರ್ತಿದ್ದಾರೆ." ನಾನೇನು ಮಾಡಲಿ?

ಸರಿಯಾಗಿಯೇ ಮಾಡಿದೆ. ಹನಿ ಬೀಳುತ್ತಿದೆ. ಮಳೆ ಜೋರಾಗುವ ಹಾಗಿ

ಅಕ್ಟೋಬರ್ 13, ಭಾನುವಾರ, ಬೆಳಿಗ್ಗೆ 6.15

ರಾತ್ರಿ ಬಂದು ಮಲಗಿದ್ದು ಟೀ ಎಸ್ಟೇಟ್ ಶಾಲೆಯ ಕೋಣೆಯಲ್ಲಿ. ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಪುಟ ಒದ್ದೆ.

ನಿನ್ನೆ ಮಳೆ ಬಂದು ಅರ್ಧ ಗಂಟೆಯಾಗಿರಲಿಲ್ಲ. ಮೊದಲು ಗೂಟ ಒಂದು ಮಣ್ಣಿನಿಂದ ಕಿತ್ತು ಹಾರಿತು. ಆಮೇಲೆ ಇನ್ನೊಂದು. ಬಟ್ಟೆ ಹೊಲಿಗೆಯ ಉದ್ದಕ್ಕೂ ಹರಿಯಿತು, ಕಂಬ ಬಿತ್ತು. ನಮ್ಮ ತಂಡದ ಓಶದಿಯ ತೋಳಿಗೆ ತಗುಲಿ ಊದಿಕೊಂಡಿದೆ. ಹಾಸಿಗೆಯೆಲ್ಲ ನೀರು. ಬೇರೆ ತಂಡಗಳ ನೈಲಾನ್ ಹಗ್ಗದ ಟೆಂಟ್ ಎರಡೂ ಅಲ್ಲಾಡಲಿಲ್ಲ. ಓಶದಿಯನ್ನು ಎಳೆದು ಹೊರಗೆ ತಂದವಳು ಹಿರುಣಿ.

ಮಿಸ್ ಟಾರ್ಚ್ ಹಿಡಿದು ಹಗ್ಗ ಮುಟ್ಟಿ ನೋಡಿದರು. "ಹತ್ತಿ ಹಗ್ಗ! ಇದನ್ನ ಹಿಂಗೆ ಯಾರು ಬಿಗಿದಿದ್ದು? ನೀರು ಕುಡಿದ್ರೆ ಗಿಡ್ಡ ಆಗುತ್ತೆ ಅಂತ ಗೊತ್ತಿಲ್ವಾ? ಮೋಡ ಕಂಡ ತಕ್ಷಣ ಸಡಿಲ ಮಾಡ್ಬೇಕು."

ಗುಡ್ಡದ ಕಡೆ ನೋಡಿದ್ದಲ್ಲ ಡಿಲಿನಿ. ಮೋಡ ನೋಡಿದ್ದು.

ಡಿಲಿನಿ ಅಲ್ಲೇ ನಿಂತಿದ್ದಳು. ಮಿಸ್‌ಗೆ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಇಲ್ಲ. ಅದಕ್ಕೂ ಏನೋ ಲೆಕ್ಕಾಚಾರ ಇರಬೇಕು ಎಂದುಕೊಂಡೆ. ನನ್ನ ಬುದ್ಧಿಗೆ ನಾಚಿಕೆಯಾಗಬೇಕು.

ಈಗ ಜಗಲಿಯಲ್ಲಿ ಅವಳ ಪಕ್ಕ ಹೋಗಿ ಕುಳಿತೆ. "ಸಭೇಲಿ ಯಾಕೆ ಹೇಳ್ಲಿಲ್ಲ?"

"ನೀವೇ ಅಂದ್ರಲ್ಲ ಅಕ್ಕ. ಒಳ್ಳೆ ಕೆಲಸ ಮಾಡಿದ್ದನ್ನ ನೀವು ಕೇಳಿದ್ರೂ ಹೇಳಂಗಿಲ್ಲ ಅಂತ. ಪರೀಕ್ಷೆ ಮಾಡ್ತಿದ್ದೀರಿ ಅನ್ಕೊಂಡೆ."

ಆಮೇಲೆ ಕೇಳಿದಳು, "ಈಗ ಹೇಳಿಬಿಟ್ನಲ್ಲ, ಪಿನ್ ಹೆಂಗೂ ಇಲ್ವಲ್ಲ, ಪರವಾಗಿಲ್ಲ ಅಲ್ವಾ?"

ಬೆಳಿಗ್ಗೆ 8.40

ಡಿಲಿನಿಯ ಅಪ್ಪ ಬಂದರು. ಬಿಳಿ ಶರ್ಟು, ಇಸ್ತ್ರಿ ಗೆರೆ ಇನ್ನೂ ಇದೆ. ಕಾಲಲ್ಲಿ ಜಿಗಣೆ ಕಚ್ಚಿದ ರಕ್ತ. ಎಲ್ಲರಿಗೂ ಒಂದು ಪೊಟ್ಟಣ ಒಣ ಸೀಗಡಿ ತಂದಿದ್ದಾರೆ. ಪ್ರತಿಜ್ಞೆ ಇಲ್ಲವೆಂದು ಡಿಲಿನಿ ಇನ್ನೂ ಅವರಿಗೆ ಹೇಳಿಲ್ಲ.

ನಾನು ಲೀಡರ್ ಎಂದು ಗೊತ್ತಾಗಿ ಹತ್ತಿರ ಬಂದರು. "ನಮ್ಮ ಹುಡುಗಿ ಏನಾದ್ರೂ ಉಪಯೋಗಕ್ಕೆ ಬಂದ್ಲಾ ಮಗಳೇ? ಮನೇಲಿ ಬಲೆ, ಹಗ್ಗ ಎಲ್ಲ ಅವಳೇ ನೋಡ್ಕೊಳ್ಳೋದು. ಬೇರೆ ಏನು ಬರುತ್ತೋ ಇಲ್ವೋ."

"ಬಂದ್ಲು ಅಂಕಲ್" ಎಂದು ಅಲ್ಲಿಂದ ಎದ್ದು ಬಂದೆ.

ಮಿಸ್ ಹತ್ತಿರ ಹೋಗಿ ನೀವೇ ತೀರ್ಮಾನ ಬದಲಾಯಿಸಿ ಎಂದೆ. ಅವರು ತೆಂಗಿನ ಹಾಲಿನ ಅನ್ನ, ಕಿರಿಬತ್, ತಟ್ಟೆಗೆ ತಟ್ಟಿ ತ್ರಿಕೋನ, ಚೌಕ ಎಂದು ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಸಭೆ ಮಾಡಿದ್ದನ್ನ ಸಭೆಯೇ ಬದಲಾಯಿಸ್ಬೇಕು ಮಧಾರಾ. ಕರೆದವಳು ನೀನು."

ತಪ್ಪು ಒಪ್ಪಿಕೊಳ್ಳಬೇಕು, ಹಿರುಣಿಯ ಎದುರು. ನೆತ್ಮಿಯ ಎದುರು. ಡಿಲಿನಿಯ ಅಪ್ಪನ ಎದುರು. ಬಾವುಟವಂತೂ ಹೋಯಿತು, ಲೀಡರ್ ಪಟ್ಟವೂ ಹೋಗಬಹುದು.

9.20

ಹತ್ತಕ್ಕೆ ಪ್ರತಿಜ್ಞೆ. ಮೂರು ಸಲ ಸೀಟಿ ಊದಿದರೆ ನಾಯಕಿಯರ ಸಭೆ. ಊದಿ ಬಂದೆ. ಹಿರುಣಿ ಹುಬ್ಬು ಗಂಟು ಹಾಕಿಕೊಂಡು ಬರುತ್ತಿದ್ದಾಳೆ. ಡಿಲಿನಿ ಕಿರಿಬತ್ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದಾಳೆ. ಅವಳ ಅಪ್ಪನಿಗೂ ಬಂದು ಕೂರಲು ಹೇಳಿದೆ, ಅವರೂ ಕೇಳಲಿ.

ತಡವರಿಸಬಾರದು, ಬರೆದುಕೊಂಡು ಹೋಗುತ್ತೇನೆ. ಸಡಿಲ ಮಾಡಿದ್ದು ಅವಳು. ಬಿಗಿದದ್ದು ನಾನು, ಎರಡು ಸಲವೂ. ಯಾರಿಗೂ ಹೇಳಬೇಡ ಎಂದು ಅವಳ ಬಾಯಿ ಕಟ್ಟಿದ್ದೂ —