ಒಂದು ದಿನದ ಬ್ರೇಕ್

ಮಾರ್ಚ್ 3
ಶಾಲೆಗಳ ಕುಡಿಯುವ ನೀರು, ನಮ್ಮ ಲ್ಯಾಬಿಗೆ ಮೂವತ್ತು ಸೀಸೆ ಬಂತು. ಪರೀಕ್ಷೆ ಆದದ್ದು ಆರು. ಉಳಿದದ್ದಕ್ಕೆಲ್ಲ ಸಾಹೇಬರೇ ಕೂತಲ್ಲಿ ಫಲಿತಾಂಶ ಬರೆದು ನನ್ನ ಸಹಿಗೆ ಕಳಿಸಿದರು. ಹಾಕಲಿಲ್ಲ. ಉಳಿದ ನೀರು ಸಿಂಕಿಗೆ ಹೋದದ್ದನ್ನು ಸೀಸೆಯಮ್ಮ ನೋಡಿದಳು. ಸೀಸೆ ತೊಳೆದು, ಎಣಿಸಿ, ಲೇಬಲ್ ಅಂಟಿಸುವವಳು. ಹನ್ನೊಂದು ವರ್ಷದಿಂದ ಗುತ್ತಿಗೆ.

ಮಾರ್ಚ್ 9
ದೂರು ಕೊಟ್ಟೆ. ಊರ ಉಸಾಬರಿ ನಿನಗ್ಯಾಕೆ ಎಂದರು ಮನೆಯವರು. ವಕೀಲರು ಧೈರ್ಯ ತುಂಬಿದರು — ದೂರು ಕೊಟ್ಟ ನೌಕರರನ್ನು ವರ್ಗ ಮಾಡುವಂತಿಲ್ಲ, ತೆಗೆಯುವಂತಿಲ್ಲ, ಕಾನೂನಿದೆ. ಸಾಕ್ಷಿಗೂ ಅದೇ ಇರುತ್ತದೆಂದುಕೊಂಡೆ. ಕೇಳಲಿಲ್ಲ. ಸೀಸೆಯಮ್ಮನಿಗೂ ಹಾಗೇ ಹೇಳಿದೆ.
"ನೀವು ಹೇಳಿದ ಮೇಲೆ ಇನ್ನೇನು ಮೇಡಂ. ಹಾಕಿ ನನ್ನ ಹೆಸರು."
ಹಾಕಿದೆ.

ಮಾರ್ಚ್ 31
ಗುತ್ತಿಗೆಯವರಿಗೆಲ್ಲ ನಾಳೆ ಬ್ರೇಕ್. ವರ್ಷಕ್ಕೊಂದು ದಿನ ಬಿಡಿಸಿ ಮರುದಿನ ಸೇರಿಸಿಕೊಳ್ಳುತ್ತಾರೆ. ಖಾಯಂ ಮಾಡಿ ಅಂತ ಕೇಳಬಾರದಲ್ಲ... ಸೀಸೆಯಮ್ಮ ಮಗಳನ್ನು ನೋಡಿಕೊಂಡು ಬರುತ್ತಾಳಂತೆ. ಖುಷಿಯಲ್ಲಿದ್ದಳು.

ಏಪ್ರಿಲ್ 2, ಸಂಜೆ
ಎಲ್ಲರನ್ನೂ ಸೇರಿಸಿಕೊಂಡರು. ಅವಳೊಬ್ಬಳನ್ನು ಬಿಟ್ಟು. ಗೇಟಿನ ಹತ್ತಿರ ಐದರವರೆಗೂ ನಿಂತಿದ್ದಳು. ವಕೀಲರಿಗೆ ಫೋನ್ ಮಾಡಿದೆ. ತೆಗೆದಿಲ್ಲವಲ್ಲ, ಗುತ್ತಿಗೆ ಮುಗಿದಿದೆ ಅಷ್ಟೇ ಎಂದರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ರಕ್ಷಣೆ ಖಾಯಂ ನೌಕರರಿಗೆ ಮಾತ್ರವಂತೆ. ಸಾಕ್ಷಿಯ ವಿಷಯ ನೀವು ಕೇಳಲೇ ಇಲ್ಲವಲ್ಲ ಎಂದರು. ನಿಜ. ಕೇಳಲಿಲ್ಲ.

ಏಪ್ರಿಲ್ 20
ಕ್ಷಮೆ ಕೇಳೋಣವೆಂದು ಅವಳ ಮನೆಗೆ ಹೋದೆ. ಅವಳೇ ನನಗೆ ಸಮಾಧಾನ ಹೇಳಿದಳು. "ನಿಮ್ಮ ಕೆಲಸ ಉಳೀತಲ್ಲ ಮೇಡಂ, ಬಿಡಿ." ಚಪ್ಪಲಿ ಮೆಟ್ಟುವಾಗ ಅತ್ತುಬಿಟ್ಟೆ. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು.

ಜೂನ್ 14
ಆದೇಶ ಬಂತು. ತನಿಖೆ ಮುಗಿಯುವವರೆಗೆ ನನ್ನನ್ನು ಯಾರೂ ಮುಟ್ಟುವಂತಿಲ್ಲ. ಮನೆಯವರು ಎರಡು ಸಲ ಓದಿಸಿ ಕೇಳಿದರು. ನನಗೆ ನಾಚಿಕೆಯಾಯಿತು.
ಇಂದು ನಲವತ್ತು ಸೀಸೆ. ತೆರೆದದ್ದು ನಾಲ್ಕು. ಕಂಡವಳು ಸೀಸೆಯಮ್ಮನ ಜಾಗಕ್ಕೆ ಬಂದವಳು — ಅವಳೂ ಗುತ್ತಿಗೆ, ಆರು ತಿಂಗಳ ಬಸುರಿ. ಕೇಳಿದರೆ ಇಲ್ಲವೆನ್ನುವವಳಲ್ಲ. ಅದೇ ಭಯ.

ಜೂನ್ 15
ಎರಡನೇ ದೂರು ಬರೆಯಲು ಕೂತೆ. ತಾರೀಖು, ಸೀಸೆಗಳ ನಂಬರು, ಶಾಲೆಗಳ ಪಟ್ಟಿ ಆಯಿತು. ನನ್ನ ಸಹಿಯೂ ಆಯಿತು. ಸಾಕ್ಷಿಯಿಲ್ಲದ ದೂರು ಕಸದ ಬುಟ್ಟಿಗೆ ಎಂದಿದ್ದಾರೆ ವಕೀಲರು. ಆ ನೀರನ್ನು ಮಕ್ಕಳು ನಾಳೆಯೂ ಕುಡಿಯುತ್ತವೆ.
ಸಾಕ್ಷಿ ಎಂದು ಬರೆದೆ. ಅದರ ಮುಂದೆ...